ಊಟಾತೇನು ಅಂತ ಕೇಳಿದ್ದಕ್ಕ

ಯಾದಗಿರಿ ಸ್ಟೇಷನ್

ನಾ ಕೆನಡಾಕ್ಕ ಹೊಂಟ ದಿವಸ ನನ್ನ ಕಳಿಸಾಕ ಯಾದಗಿರಿ ಸ್ಟೇಷನ್ನಿಗೆ ಒಂದು ಟಂಟಂ ಆಟೋ ತುಂಬ ಮಂದಿ ಬಂದಿದ್ದರು. ಅವ್ವ, ಮಾಮ, ದೋರನಹಳ್ಳಿಯ ನಮ್ಮ ಓಣಿ ಹೆಣ್ಮಕ್ಕಳು. ಹೊಂಟಾಕಿ ನಾನೊಬ್ಬಾಕಿ, ಬುತ್ತಿ ಮಾತ್ರ ಇಡೀ ಬೋಗಿಗೆ ಸಾಲುವಷ್ಟಿತ್ತು. ಓಣ್ಯಾಗಿನ ಒಬ್ಬ ಮುದುಕಿ ಮಾಮನ್ನ ಕೇಳಿದಳು, "ಹುಡುಗಿ ಅಲ್ಲಿ ಏನು ಕಲಿಯಾಕ ಹೊಂಟಾಳಪ?"

ಮಾಮ ಕಡೇಚೂರಿನ ಫ್ಯಾಕ್ಟರಿಯಾಗ ಕೆಲಸ ಮಾಡ್ತಾನ. ನಾಲಗಿ ಸುಮ್ಮ ಇರಂಗಿಲ್ಲ ಅವಂದು. "ಮಾತಾಡೂದು ಕಲಿಯಾಕ," ಅಂದ. "ಇಲ್ಲಿ ಮಾತಾಡಿದ್ದು ಆಕಿಗೆ ಸಾಕಾಗಿಲ್ಲಂತ."

ಎಲ್ಲಾರೂ ನಕ್ಕರು. ನನಗ ಸಿಟ್ಟು ಬಂತು. "ಮಾತಾಡೂದಲ್ಲ ಮಾಮ, ಕೇಳಿಸ್ಕೊಳ್ಳೂದು," ಅಂದೆ.

"ಹಂಗಾದ್ರ ಇನ್ನೂ ಕಷ್ಟ ಬಿಡು," ಅಂದ.

ಕಲಿಯಾಕ ಹೊಂಟಿದ್ದು ಇಷ್ಟ. ಅಲ್ಲಿಯ ಒಂದು ವಿಶ್ವವಿದ್ಯಾಲಯದಾಗ ವಿದ್ಯಾರ್ಥಿಗಳಿಗಂತ ಒಂದು ಆಪ್ತಸಮಾಲೋಚನಾ ಕೇಂದ್ರ ಅದ. ನಿದ್ದಿ ಬರಂಗಿಲ್ಲ, ಜೀವಕ್ಕ ಸಮಾಧಾನ ಇಲ್ಲ, ಪರೀಕ್ಷೆ ಅಂದ್ರ ಕೈಕಾಲು ನಡಗ್ತಾವ ಅನ್ನೋ ಹುಡುಗ ಹುಡುಗಿಯರು ಅಲ್ಲಿ ಬಂದು ಕೂತು ಮಾತಾಡ್ತಾರ. ನಾ ಎಂ.ಎ. ಮನಃಶಾಸ್ತ್ರ ಓದಿದಾಕಿ. ಆದ್ರ ಪುಸ್ತಕ ಓದೂದು ಬ್ಯಾರೆ, ಅಳೋರ ಮುಂದ ಕೂಡೂದು ಬ್ಯಾರೆ. ಒಂದು ವರ್ಷ ಅಲ್ಲಿ ಕಲಿಸೋರ ಕಣ್ಣ ಮುಂದ ಖರೆ ಮಂದಿ ಜೋಡಿ ಕೂತು ಕೆಲಸ ಕಲೀಬೇಕು. ಅವರು ಹೂಂ ಅಂದ್ರ ಪದವಿ, ಊಹೂಂ ಅಂದ್ರ ಬರಿಗೈಲೆ ದೋರನಹಳ್ಳಿ. ಶಹಾಪುರದ ಕಾಲೇಜುಗಳೊಳಗ ಇಂಥ ಒಂದು ಕೋಣಿ ಮಾಡಬೇಕಂತ ನನ್ನ ಆಸೆ ಇತ್ತು. ಅದನ್ನ ಸ್ಟೇಷನ್ನಿನಾಗ ಯಾರಿಗೂ ಹೇಳಲಿಲ್ಲ, ಹೇಳಿದ್ರ ಮಾಮ ಇನ್ನೊಂದು ಮಾತು ಒಗೀತಿದ್ದ.

ರೈಲು ಅಲ್ಲಾಡಿತು. ಅವ್ವ ಕಿಟಕಿ ಜೋಡಿ ನಡಕೋತ ಕೇಳಿದ್ದು ಒಂದ ಮಾತು: "ಉಂಡೀ ಹೌದಿಲ್ಲೋ?"

"ಉಂಡೀನವ್ವ," ಅಂದೆ. ಉಂಡಿದ್ದಿಲ್ಲ. ಗಂಟಲದಾಗ ತುತ್ತು ಇಳೀತಿದ್ದಿಲ್ಲ ಅವತ್ತು. ಆದ್ರ ನಮ್ಮ ಕಡೆ ಈ ಪ್ರಶ್ನಿಗೆ ಉತ್ತರ ಒಂದ. ಉಂಡಿದ್ದರೂ "ಆತು", ಉಣ್ಣದಿದ್ದರೂ "ಆತು". ಇಲ್ಲ ಅಂದ್ರ ಕೇಳಿದವರು ಎದ್ದು ಒಲಿ ಹಚ್ಚಬೇಕಾಗ್ತದ.

ಬಯಲಿನಿಂದ ಬಯಲಿಗೆ

ಇಳಿದ ಊರು ನೋಡಿ ನನಗ ನಗಿ ಬಂತು. ಇಷ್ಟು ಸಮುದ್ರ ದಾಟಿ ಬಂದ್ರ ಮತ್ತ ನಮ್ಮ ಸೀಮಿನ! ಕಣ್ಣು ಹರಿದಷ್ಟು ಸಪಾಟ ಹೊಲ, ದೂರದಾಗ ಒಂದೊಂದು ಮನಿ, ನಡುವ ಉದ್ದಕ ಹೋಗೋ ಕಾಲುವಿ. ಆಲ್ಬರ್ಟಾ ಪ್ರಾಂತದ ದಕ್ಷಿಣ ಭಾಗ ಅದು. ಮಳಿ ಕಮ್ಮಿ, ಗಾಳಿ ಭಾಳ. ಗಾಳಿ ಅಂದ್ರ ಎಂಥಾ ಗಾಳಿ, ಮೊದಲನೇ ದಿವಸ ನನ್ನ ದುಪಟ್ಟಾ ಹಾರಿಸಿಕೊಂಡು ಹೋಗಿ ಯಾರದೋ ಬೇಲಿಗೆ ಸಿಗಿಸಿತು.

ನಾ ಬಾಡಿಗಿ ಇದ್ದದ್ದು ಡೊರತಿ ಅನ್ನೋ ವಯಸ್ಸಾದಾಕಿ ಮನ್ಯಾಗ. ಗಂಡ ಇದ್ದಾಗ ಒಕ್ಕಲುತನ ಮಾಡಿದಾಕಿ, ಆಮ್ಯಾಲ ಹೊಲ ಬಿಟ್ಟು ಊರಿಗೆ ಬಂದು ಕೂತಿದ್ದಳು. ಮೊದಲನೇ ಸಂಜಿ "ನಿಮ್ಮ ಊರಾಗ ಏನದ?" ಅಂತ ಕೇಳಿದಳು. ಏನು ಹೇಳಲಿ? ತಾಜಮಹಲ ಇಲ್ಲ, ಆನಿ ಇಲ್ಲ. "ಕಾಲುವಿ ಅದ," ಅಂದೆ. ಆಕಿ ಕುರ್ಚಿ ಎಳಕೊಂಡು ಹತ್ರ ಕೂತಳು.

ನಾ ಹುಟ್ಟಿದ ಮ್ಯಾಲ ನಮ್ಮ ಕಡೆ ಕಾಲುವಿ ನೀರು ಬಂತು, ಜ್ವಾಳದ ಹೊಲ ಭತ್ತದ ಗದ್ದಿ ಆದವು, ಮ್ಯಾಲಿನವರು ನೀರು ಹಿಡಕೊಂಡು ಕುಂದರ್ತಾರ, ಕೆಳಗಿನವರು ಜಗಳಾಡ್ತಾರ ಅಂತ ಎಲ್ಲಾ ಹೇಳಿದೆ. "ಇಲ್ಲೂ ಅದ!" ಅಂತ ಆಕಿ ಮೇಜು ಬಡಿದಳು. ಗಂಡ ಪಕ್ಕದ ಹೊಲದಾವನ ಜೋಡಿ ನೀರಿನ ಸಂಬಂಧ ವರ್ಷಗಟ್ಟಲೆ ಮಾತು ಬಿಟ್ಟಿದ್ದನಂತ. ಒಂದು ಫರಕ ಅಂದ್ರ, ಅಲ್ಲಿ ತೂಬು ಎತ್ತಾಂವ ಹೇಳಿದ ದಿವಸ ಬರ್ತಾನಂತ. ಅದೊಂದು ನಾ ನಂಬಲಿಲ್ಲ.

ಆ ಮಂದಿ ಒಳ್ಳೇವರು. ಎಲ್ಲಾದಕ್ಕೂ ಕ್ಷಮಾ ಕೇಳ್ತಾರ. ನಾ ಅವರ ಕಾಲು ತುಳಿದರೂ ಅವರ ಕ್ಷಮಾ ಕೇಳ್ತಾರ. ಮನಿ ಒಳಗ ಬರೋ ಮುಂದ ನಮ್ಮಂಗ ಚಪ್ಪಲಿ ಬಿಡ್ತಾರ. "ಹ್ಯಾಂಗಿದ್ದೀರಿ" ಅಂತ ಎದುರು ಬಂದವರೆಲ್ಲಾ ಕೇಳ್ತಾರ, ಆದ್ರ ಉತ್ತರಕ್ಕ ನಿಂದರಂಗಿಲ್ಲ. ಶುರುವಿಗೆ ನಾ ಖರೇನ ಹೇಳಾಕ ಹೋಗಿ, ಹಲ್ಲು ನೋಯಾಕತ್ತಾವ, ನಿದ್ದಿ ಆಗಿಲ್ಲ ಅಂತಿದ್ದೆ. ಅಷ್ಟ್ರಾಗ ಅವರು ಮೂಲಿ ತಿರುಗಿ ಹೋಗಿರ್ತಿದ್ದರು.

ಆದ್ರ ಒಬ್ಬರರ "ಊಟಾತಾ" ಅಂತ ಕೇಳಬೇಕಲ್ಲ! ಡೊರತಿ ಸುದ್ದಾ ಕೇಳಂಗಿಲ್ಲ. ತಾ ಅಡಿಗಿ ಮಾಡಿದ್ರ ಕೊಡ್ತಾಳ, ಪ್ರೀತಿಲೇ ಕೊಡ್ತಾಳ. ಆದ್ರ ನಾ ಉಂಡೆನೋ ಬಿಟ್ಟೆನೋ ಅದು ನನ್ನ ವಿಷಯ, ಕೇಳಿದ್ರ ಸಭ್ಯತನ ಅಲ್ಲಂತ. ನನಗ ಮೊದಲನೇ ತಿಂಗಳು ಭಾಳ ಒಂಟಿ ಅನ್ನಿಸಿತು, ಹೊದ್ಕೊಂಡು ಅತ್ತೆ. ಫೋನಿನಾಗ ಅವ್ವ ಕೇಳ್ತಿದ್ದಳಲ್ಲ, ಅದ ನನ್ನ ಜೀವ ಹಿಡಿದಿತ್ತು. ಒಣ ಬ್ರೆಡ್ಡು ಕಡಕೋತ "ಆತವ್ವ, ರೊಟ್ಟಿ ಪಲ್ಯ" ಅಂತಿದ್ದೆ. ಒಮ್ಮೆ ಖರೇನ ರೊಟ್ಟಿಗೆ ಹಚ್ಕೊಳ್ಳಾಕ ಹಿಂಡಿ ಕುಟ್ಟೋಣಂತ ಕೆಂಪು ಮೆಣಸಿನಕಾಯಿ ಹುರಿದೆ. ಮಾಳಿಗಿಗೆ ಹಚ್ಚಿದ ಹೊಗಿಗಂಟಿ ಕಿರ್ರ ಅಂತ ಒದರಾಕ ಶುರು ಮಾಡಿತು. ಡೊರತಿ ಕೆಮ್ಮಿಕೋತ ಹಿಮದಾಗ ಓಡಿ ನಿಂತಳು. ನಾ ತಟ್ಟೀಲೆ ಗಾಳಿ ಬೀಸಿ ಬೀಸಿ ಹೈರಾಣಾದೆ.

ಸುಯ್ಯ ಅನ್ನೋ ಡಬ್ಬಿ

ಕೇಂದ್ರದಾಗ ನಂದೊಂದು ಸಣ್ಣ ಕೋಣಿ. ಎರಡು ಕುರ್ಚಿ, ಎದುರಾಎದುರು ಅಲ್ಲ, ಜರಾ ಓರೆ ಇಟ್ಟಿರ್ತಾರ, ಹೇಳೋರು ಬೇಕಾದ್ರ ಕಿಟಕಿ ಕಡೆ ನೋಡಬೇಕಂತ. ಬಾಗಿಲ ಹೊರಗ ನೆಲದ ಮ್ಯಾಲ ಒಂದು ಡಬ್ಬಿ. ಅದು ದಿನಾ ಪೂರಾ ಸುಯ್ಯ ಅಂತಿರ್ತದ. ಒಳಗಿನ ಮಾತು ಹೊರಗ ಕೇಳಬಾರದಂತ ಅದನ್ನ ಇಟ್ಟಾರ. ನಮ್ಮನ್ಯಾಗ ಅಡಿಗಿಮನಿಗೆ ಬಾಗಿಲಾನ ಇಲ್ಲ. ನನ್ನ ಮದುವಿ ಮಾತು ಮನ್ಯಾಗ ಪಿಸುಗುಟ್ಟಿದ್ರ ಮರುದಿನ ರಾಮಸಮುದ್ರದಾಗಿನ ಅತ್ತಿಗೆ ಗೊತ್ತಾಗ್ತಿತ್ತು. ಗುಟ್ಟು ಕಾಯಾಕ ಮಶೀನು ಇಟ್ಟದ್ದು ನಾ ಮೊದಲು ನೋಡಿದ್ದು ಅಲ್ಲೇ.

ಅಲ್ಲಿ ಬರೋರಿಗೆ ರೋಗಿ ಅನ್ನಂಗಿಲ್ಲ, ಕ್ಲೈಂಟ್ ಅಂತಾರ. ಸುರಪುರ ಕೋರ್ಟಿನಾಗ ವಕೀಲರು ಪಕ್ಷಗಾರ ಅಂತಾರಲ್ಲ, ಅದ ಶಬ್ದ. ಕ್ಲೈಂಟ್ ಒಪ್ಪಿದ್ರ ಮಾತುಕತಿ ಪೂರಾ ವಿಡಿಯೋ ಆಗ್ತದ. ವಾರಕ್ಕೊಮ್ಮೆ ನಮ್ಮ ಮಾರ್ಗದರ್ಶಕಿ ರೂತ್ ಮೇಡಮ್ ಪಕ್ಕದಾಗ ಕೂತು ಅದನ್ನ ತೋರಿಸಿ ತಪ್ಪು ತಿದ್ದತಾರ. "ಬರೇ ರೂತ್ ಅನ್ನು" ಅಂತ ಎಷ್ಟು ಸಲ ಹೇಳಿದರೂ ನನ್ನ ಬಾಯಿಗೆ ಮೇಡಮ್ ಬಿಟ್ಟು ಬರಲಿಲ್ಲ. ಸಣ್ಣ ದನಿ ಅವರದು, ಒಮ್ಮೆನೂ ಸಿಟ್ಟು ಮಾಡಲಿಲ್ಲ. ಅದ ನನಗ ಅಂಜಿಕಿ. ಬೈದಿದ್ರ ಸಮಾಧಾನ ಆಗ್ತಿತ್ತು.

ನನ್ನ ತಪ್ಪು ಹಿಂಗಿದ್ದವು. ಅಳೋರ ಕೈಗೆ ಕಾಗದದ ಕರವಸ್ತ್ರ ಕೊಡಬಾರದು, ಅದರ ಡಬ್ಬಿ ಅವರ ಹತ್ರ ಇದ್ರ ಸಾಕು. ಕೊಟ್ರ "ಅಳು ನಿಲ್ಲಿಸು" ಅಂದಂಗ ಆಗ್ತದಂತ. ಬುದ್ಧಿ ಹೇಳಬಾರದು. ತಲಿ ಅಲ್ಲಾಡಿಸಬಾರದು, ನನ್ನ ಹೌದೂ ಅವರಿಗೆ ಇಲ್ಲ ಅಂದಂಗ ಕಾಣ್ತಿತ್ತು. ಎಲ್ಲಾಕ್ಕಿಂತ ಕಷ್ಟ ಒಂದು: ಹೊರಗ ಎಲ್ಯರ ಕ್ಲೈಂಟ್ ಕಂಡ್ರ ಮಾತಾಡಿಸಬಾರದು. ಗುರುತಿಲ್ಲದಂಗ ಹೋಗಬೇಕು. ಅವರ ಮೊದಲು ಮಾತಾಡಿಸಿದ್ರ ಮಾತ್ರ ನಾವು ಮಾತಾಡಬೇಕು. ಅವರು ಇಲ್ಲಿಗೆ ಬರ್ತಾರನ್ನೋದು ಅವರ ಗುಟ್ಟು, ನಮ್ಮದಲ್ಲ.

"ಮೇಡಮ್, ನಮ್ಮ ಊರಾಗ ಎದುರಿಗೆ ಬಂದವರನ್ನ ಮಾತಾಡಿಸದ ಹೋದ್ರ ಹಗಿತನ ಅಂತ ಅರ್ಥ," ಅಂದೆ.

"ನೀನು ಈಗ ನಿಮ್ಮ ಊರಾಗ ಇಲ್ಲ," ಅಂದರು. ಅಷ್ಟ.

ನನ್ನ ಕ್ಲೈಂಟುಗಳೊಳಗ ಒಬ್ಬಾಕಿ ಬಗ್ಗೆ ಹೇಳಬೇಕು. ಹೆಸರು ಹೇಳಂಗಿಲ್ಲ. ಆ ದೇಶದ ಯಾವ ಹೆಸರಿಟ್ಟರೂ ಅದು ಯಾರದರ ಹೆಸರಾಗ್ತದ, ಅದಕ್ಕ ಗಂಗವ್ವ ಅಂತೀನಿ. ಹೇಳಬಾರದ ವಿವರ ಎಲ್ಲಾ ಬದಲಿ ಮಾಡೀನಿ. ಗಂಗವ್ವ ಒಕ್ಕಲುತನ ಮಾಡೋರ ಮಗಳು, ಮೊದಲನೇ ವರ್ಷದ ವಿದ್ಯಾರ್ಥಿನಿ. ಕೆಂಪು ಕೂದಲು, ಮಾರಿ ತುಂಬ ಕಂದು ಚುಕ್ಕಿ. ತಾಯಿ ಇಲ್ಲ, ಅಪ್ಪ ಒಬ್ಬ. ಕ್ಲಾಸಿನಾಗ ಎಚ್ಚರ ತಪ್ಪಿ ಬಿದ್ದಿದ್ದಳು. ಡಾಕ್ಟರ್ ನೋಡಿ ನಮ್ಮ ಕಡೆಗೂ ಕಳಿಸಿದರು. ಆಕಿ ಉಣ್ಣೂದು ಬಿಟ್ಟಿದ್ದಳು. ಬಡತನಕ್ಕಲ್ಲ, ವ್ರತಕ್ಕಲ್ಲ. ತುತ್ತು ಕಂಡ್ರ ಆಕಿಗೆ ಅಂಜಿಕಿ ಬರ್ತಿತ್ತು. ಅದು ಜೀವಕ್ಕ ಕುತ್ತು ತರೋ ಕಾಯಿಲೆ. ಅಪ್ಪಗ ಗೊತ್ತಿದ್ದಿಲ್ಲ. "ಗೊತ್ತಾದ್ರ ಓದು ಬಿಡಿಸಿ ಮನಿಗೆ ಕರಕೊಂಡು ಹೋಗ್ತಾನ. ಅಲ್ಲಿ ಹೋದ್ರ ನಾ ಉಳಿಯಂಗಿಲ್ಲ," ಅಂದಿದ್ದಳು.

ಆಕಿ ಮೊದಲ ಸಲ ಬಂದು ಕೂತಾಗ ನನ್ನ ಬಾಯಿಂದ ಬಂದ ಮೊದಲನೇ ಮಾತು ಏನಂತೀರಿ? "ಊಟಾತಾ?" ಇಂಗ್ಲಿಷಿನಾಗ ಕೇಳಿದೆ, ಆದ್ರ ಕೇಳಿದಾಕಿ ದೋರನಹಳ್ಳಿ ಹುಡುಗಿ. ಗಂಗವ್ವ ತಟಕ್ಕನ "ಆತು" ಅಂದಳು. ಅಗದಿ ನಮ್ಮವರಂಗ! ನನಗ ಆಕಿ ಮ್ಯಾಲ ಪ್ರೀತಿ ಬಂತು. ಮುಂದಿನ ವಾರಾನೂ ಕೇಳಿದೆ, ಆಕಿ "ಆತು" ಅಂದಳು. ಒಮ್ಮೆ, "ನೀವು ಇದನ್ನ ಬಂದಾಗೊಮ್ಮೆ ಕೇಳ್ತೀರಲ್ಲ, ನಿಮ್ಮ ಭಾಷಾದಾಗ ಏನಂತಾರ?" ಅಂದಳು. ಹೇಳಿಕೊಟ್ಟೆ. ಬಾಯಿ ತಿರುಗಲಿಲ್ಲ, ಇಬ್ಬರೂ ನಕ್ಕೆವು.

ರೂತ್ ಮೇಡಮ್ ವಿಡಿಯೋ ನಿಲ್ಲಿಸಿದರು. "ಈ ಹುಡುಗಿ ಈ ಊರಾಗ ಎಲ್ಲಾಕ್ಕಿಂತ ಹೆದರೂದು ಯಾವ ಪ್ರಶ್ನಿಗೆ?"

ನಾ ನಿಂತ ವಿಡಿಯೋದಾಗ ಆಕಿ ಮಾರಿ ನೋಡಿದೆ.

"ನೀನು ಬಾಗಲದಾಗ ಅದನ್ನ ಕೇಳ್ತಿ. ಆಕಿ ಬಾಗಲದಾಗ ಸುಳ್ಳು ಹೇಳಿ ಒಳಗ ಬರ್ತಾಳ. ಆಮ್ಯಾಲ ಒಂದು ತಾಸು ಆ ಸುಳ್ಳಿನ ಮ್ಯಾಲ ಕೂತು ಮಾತಾಡ್ತೀರಿ."

ನನಗ ಮಾರಿ ಮ್ಯಾಲ ಹೊಡದಂಗ ಆತು. ಅವತ್ತಿಂದ ಆ ಮಾತು ನುಂಗಾಕ ಕಲಿತೆ. ಆಕಿ ಬರೋ ಮುಂದ ತುಟಿ ಒತ್ತಿ ಹಿಡಕೊಂಡು ಕುಂದರ್ತಿದ್ದೆ, ಬಾಯಾಗ ಎಲಿ ಅಡಿಕಿ ಇಟ್ಕೊಂಡವರಂಗ.

ಡೊರತಿಯ ಜೋಡಿ ಸಂತಿ

ಶನಿವಾರ ಡೊರತಿ ತನ್ನ ಕಾರಿನಾಗ ನನ್ನ ದೊಡ್ಡ ಅಂಗಡಿಗೆ ಕರಕೊಂಡು ಹೋಗ್ತಿದ್ದಳು. ಅದ ನಮ್ಮಿಬ್ಬರ ಸಂತಿ. ನಾ ಉಳ್ಳಾಗಡ್ಡಿ ಮುಂದ ನಿಂತಾಗ ದೂರದಾಗ ಕೆಂಪು ಕೂದಲು ಕಂಡಿತು. ಗಂಗವ್ವ! ಪಕ್ಕದಾಗ ಎತ್ತರದ ಗಂಡಸು, ತಲಿ ಮ್ಯಾಲ ಬಿಸಿಲಿಗೆ ಬಣ್ಣ ಹೋದ ಟೋಪಿ. ಅಪ್ಪನ ಇರಬೇಕು. ಆಕಿ ನನ್ನ ನೋಡಿದಳು, ಕಣ್ಣು ಕೆಳಗ ಹಾಕಿದಳು. ನಾನೂ ಕಲಿಸಿದಂಗ ಮಾಡಿದೆ. ಮಾರಿ ತಿರುಗಿಸಿ ಪಕ್ಕದಾಗಿನ ಒಂದು ಡಬ್ಬಿ ಮ್ಯಾಲಿನ ಅಕ್ಷರ ಓದಾಕತ್ತೆ. ಅವ್ವ ನೋಡಿದ್ರ ಕಪಾಳಕ್ಕ ಕೊಡ್ತಿದ್ದಳು.

ಎಲ್ಲಾ ಸರಿ ಇತ್ತು. ಆದ್ರ ಡೊರತಿ ಆ ಮನಷ್ಯಾನ್ನ ನೋಡಿಬಿಟ್ಟಳು. "ಅಯ್ಯ, ಇವನ ಅಪ್ಪನೂ ನನ್ನ ಗಂಡನೂ ಒಂದ ಕಾಲುವಿ ಮ್ಯಾಲ ಇದ್ದವರು!" ಅಂತ ಒದರಿ ನನ್ನ ರಟ್ಟಿ ಹಿಡಿದು ಎಳಕೊಂಡು ಹೋದಳು. ಒಂದ ಕಾಲುವಿ ನೀರಿನವರು ಸಿಕ್ಕರ ಯಾರರ ಬಿಡ್ತಾರೇನು? ನಮ್ಮ ಕಡೆನೂ ಬಿಡಂಗಿಲ್ಲ. "ಇಂಡಿಯಾದಿಂದ ಬಂದಾಳ, ನಮ್ಮನ್ಯಾಗ ಇರ್ತಾಳ," ಅಂತ ನನ್ನ ತೋರಿಸಿದಳು. ಆ ಮನಷ್ಯಾ ನನ್ನ ಕೈ ಕುಲುಕಿದ. "ಇಕಿ ನನ್ನ ಮಗಳು," ಅಂದ.

ಗಂಗವ್ವ ಎಂದೂ ನೋಡದವರಂಗ ಕೈ ಮುಂದ ಮಾಡಿದಳು. ಎಷ್ಟು ಧೈರ್ಯದ ಹುಡುಗಿ! ನನ್ನ ಜೀವ ಹಗುರಾತು. ಇನ್ನೇನು ದಾಟಿದೆವು ಅಂದುಕೊಂಡೆ. ಆ ಹಗುರಿನಾಗ, ಆಕಿ ಕೈ ಹಿಡಿದು, ಹೊಸ ಮಂದಿನ್ನ ನೋಡಿದಾಗ ನಮ್ಮ ಕಡೆ ಯಾವ ಮಾತು ತಾನಾಗೆ ಬರ್ತದೋ ಅದು ಇಂಗ್ಲಿಷಿನಾಗ ಬಂತು.

"ಊಟಾತಾ?"

ಆಕಿ ಮಾರಿ ಸುಣ್ಣದಂಗ ಆತು. ಕೈ ಎಳಕೊಂಡಳು. ಅಪ್ಪ ಮೊದಲು ನಕ್ಕ. "ಯಾಕ, ನಾವು ಹಸಿದವರಂಗ ಕಾಣ್ತೇವೇನು?" ಅಂದ. ಹಂಗ ಅಂದುಕೋತ ಮಗಳ ಕಡೆ ತಿರುಗಿದ. ಆಕಿ ಕೋಟು ಹೆಗಲ ಮ್ಯಾಲ ಗೂಟಕ್ಕ ಹಾಕಿದಂಗ ಜೋತಿತ್ತು. ಅಂವ ಅದನ್ನ ನೋಡಿದ. ನಗು ಅಲ್ಲೇ ನಿಂತಿತು.

"ನೀವು ಇಲ್ಲಿ ಏನು ಕೆಲಸ ಮಾಡ್ತೀರಿ?" ಅಂತ ನನ್ನ ಕೇಳಿದ.

ನಾ ಬಾಯಿ ತೆರಿಯೂದ್ರೊಳಗ ಡೊರತಿ ಹೆಮ್ಮಿಲೆ ಹೇಳಿದಳು, "ಕಾಲೇಜು ಹುಡುಗರ ದುಃಖ ಕೇಳೂದು ಕಲಿಯಾಕತ್ತಾಳ!"

ಗಂಗವ್ವ ಅಂಗಡಿ ಬಿಟ್ಟು ಹೊರಗ ನಡೆದಳು. ಅಪ್ಪ ಬುಟ್ಟಿ ಅಲ್ಲೇ ಬಿಟ್ಟು ಆಕಿ ಹಿಂದ ಹೋದ. ಡೊರತಿ "ಏನಾತು?" ಅಂತ ಕೇಳಿದಳು. ಆಕಿಗೂ ಹೇಳುವಂಗಿಲ್ಲ. ನಾ ಉಳ್ಳಾಗಡ್ಡಿ ಆರಿಸಿಕೋತ ನಿಂತೆ.

ಖಾಲಿ ಕುರ್ಚಿ

ಸೋಮವಾರ ಮುಂಜಾನೆ ನಾನ ಹೋಗಿ ರೂತ್ ಮೇಡಮ್ಮಗ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. "ನಿನ್ನ ಬಾಯಿಗೆ ಆ ಹುಡುಗಿಗಿಂತ ನಿನ್ನ ಊರು ಹತ್ರ ಇತ್ತು ಆಗ," ಅಂದರು. ಕೇಂದ್ರದ ಹಿರಿಯರ ಜೋಡಿ ಮಾತಾಡಿ ಬಂದು ತೀರ್ಮಾನ ಹೇಳಿದರು. ಸದ್ಯಕ್ಕ ನನಗ ಹೊಸ ಕ್ಲೈಂಟ್ ಕೊಡಂಗಿಲ್ಲ. ನಾ ಈ ಕೆಲಸಕ್ಕ ಲಾಯಕ ಹೌದೋ ಅಲ್ಲೋ ಚಳಿಗಾಲ ಮುಗಿಯೂದ್ರೊಳಗ ನೋಡ್ತೀವಿ ಅಂತ. ಮಾಮ ಸ್ಟೇಷನ್ನಿನಾಗ ಅಂದದ್ದು ನೆನಪಾತು. ಇವನ ಮಾತು ಖರೆ ಆಗಬೇಕೇನು ಅಂತ ಹೊಟ್ಟಿ ಉರೀತು.

ಆ ವಾರ ಗಂಗವ್ವ ಬರಲಿಲ್ಲ. ಡಾಕ್ಟರ್ ಹತ್ರಾನೂ ಹೋಗಿಲ್ಲಂತ. ನನ್ನ ಜೀವ ಬಾಯಿಗೆ ಬಂತು.

"ಮೇಡಮ್, ಆಕಿ ಮನಿಗೆ ಹೋಗಿ ಬರ್ಲೇನು?" ಅಂದೆ. ನಮ್ಮ ಕಡೆ ಆದ್ರ ಹೋಗಿ ಕಟ್ಟಿ ಮ್ಯಾಲ ಕೂತುಬಿಡ್ತಿದ್ದೆ. ಬೈದ್ರ ಬೈಸಿಕೊಂತಿದ್ದೆ. ಸಂಜಿಮಟ ಕೂತ್ರ ಯಾರರ ಒಬ್ಬರು ಚಾ ತಂದು ಕೊಡ್ತಾರ, ಅಲ್ಲಿಗೆ ಅರ್ಧ ಸಿಟ್ಟು ಇಳೀತದ.

"ಡಾಕ್ಟರ್ ಕಡಿಂದ ಆಕಿನ್ನ ವಿಚಾರಿಸಾಕತ್ತಾರ, ಜೀವಕ್ಕ ಧೋಕಾ ಅದ ಅನ್ನಿಸಿದ್ರ ಅವರು ಮುಂದಿನದು ಮಾಡ್ತಾರ. ನೀನು ಒಂದು ಸಲ ಫೋನ್ ಮಾಡು. ತಪ್ಪು ನಂದು, ನಿನ್ನ ತಾಸು ನಿನಗ ಇಟ್ಟೀನಿ ಅಂತ ಹೇಳಿ ಇಡು. ಬೆನ್ನು ಹತ್ತಬ್ಯಾಡ."

"ಆಮ್ಯಾಲ?"

"ಆಕಿ ತಾಸಿಗೆ ಕೋಣ್ಯಾಗ ಹೋಗಿ ಕೂಡು. ಆ ಕುರ್ಚಿ ಆಕಿದು. ಬಂದ್ರೂ ಆಕಿದ, ಬರದಿದ್ರೂ ಆಕಿದ."

ಹಿಂಗ ಖಾಲಿ ಕುರ್ಚಿ ಮುಂದ ಕೂಡೂದು ಅವರ ಕಡೆ ಪದ್ಧತಿ. ವಾರ ವಾರ ಕೂತೆ. ಹೊರಗ ಡಬ್ಬಿ ಸುಯ್ಯ ಅಂತಿತ್ತು, ಒಳಗ ಕಾಯಾಕ ಒಂದು ಮಾತೂ ಇದ್ದಿಲ್ಲ. ಮೊದಲನೇ ಸಲ ನನಗ ಇದು ಹುಚ್ಚುತನ ಅನ್ನಿಸಿತು. ಆಮ್ಯಾಲ ಪುಸ್ತಕ ಒಯ್ದೆ, ಓದಾಕ ಆಗಲಿಲ್ಲ. ನನ್ನ ಪದವಿ ಹೋದ್ರ ಹೋಗಲಿ, ಆ ಹುಡುಗಿ ಏನರ ಮಾಡಿಕೊಂಡ್ರ ಹ್ಯಾಂಗ ಅನ್ನೋ ಯೋಚನಿ ಒಂದ ತಲ್ಯಾಗ. ಅವ್ವ ಫೋನಿನಾಗ "ದನಿ ಯಾಕ ಸಣ್ಣಾಗ್ಯದ? ಉಂಡಿಲ್ಲೇನು?" ಅಂದಳು. "ಆತವ್ವ," ಅಂದೆ. ಗಂಗವ್ವ ಹೇಳ್ತಿದ್ದ ಸುಳ್ಳ ಅದು, ಹಂಗಾ ಹಂಗ.

ಕಡೀಕ ಒಂದು ವಾರ ಬಾಗಿಲ ಬಡಿದ ಸಪ್ಪಳಾತು. ಗಂಗವ್ವ ನಿಂತಿದ್ದಳು. ಹೊರಗ ಕಾಯೋ ಜಾಗದಾಗ ಆಕಿ ಅಪ್ಪ, ಟೋಪಿ ತೆಗೆದು ಕೈಯಾಗ ಹಿಡಕೊಂಡು ಕೂತಿದ್ದ. ಆಕಿ ಬಂದು ಕುರ್ಚಿ ಮ್ಯಾಲ ಕೂತಳು. ನಾ ತುಟಿ ಒತ್ತಿ ಹಿಡಿದೆ.

"ನೀವು ಅಂಗಡ್ಯಾಗ ಹಂಗ ಕೇಳಬಾರದಿತ್ತು," ಅಂದಳು.

"ಕೇಳಬಾರದಿತ್ತು. ತಪ್ಪಾತು," ಅಂದೆ.

"ಅವತ್ತು ಕಾರಿನಾಗ ಅಪ್ಪ ಅತ್ತ. ಅವ್ವ ಸತ್ತಾಗ ಸುದ್ದಾ ನನ್ನ ಮುಂದ ಅತ್ತಾಂವಲ್ಲ. ನಿಮ್ಮ ಮ್ಯಾಲ ನನಗ ಭಾಳ ಸಿಟ್ಟದ."

"ಹೂಂ."

ಮೊದಲಾಗಿದ್ರ ನಾ ಬಾಯಿ ಹಾಕ್ತಿದ್ದೆ. ಆಕಿ ಕಿಟಕಿ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಇವತ್ತು ಕೇಳಂಗಿಲ್ಲೇನು?"

"ಬಾಗಲದಾಗ ಕೇಳೂದು ಬಿಟ್ಟೀನಿ."

"ಈಗ ಒಳಗ ಬಂದೀನಲ್ಲ. ಕೇಳ್ರಿ."

ಕೇಳಿದೆ, ಊಟಾತಾ ಅಂತ.

"ಇಲ್ಲ," ಅಂದಳು. "ನಿನ್ನೆನೂ ಇಲ್ಲ." ಹಂಗ ಅಂದು ಅಳಾಕ ಶುರು ಮಾಡಿದಳು. ಕರವಸ್ತ್ರದ ಡಬ್ಬಿ ಹತ್ರನ ಇತ್ತು, ನಾ ಮುಟ್ಟಲಿಲ್ಲ. ನನಗೂ ಕಣ್ಣೀರು ಬಂದವು, ಅದನ್ನ ಮುಚ್ಚಲಿಲ್ಲ. ನಮ್ಮ ಕೆಲಸ ಖರೇನ ಶುರು ಆದದ್ದು ಅವತ್ತು.

ಆ ವಿಡಿಯೋ ನೋಡಿ ರೂತ್ ಮೇಡಮ್ ಶಭಾಷ್ ಅಂತಾರಂತ ನಾ ಆಸೆ ಇಟ್ಕೊಂಡಿದ್ದೆ. ಅವರು ಹೇಳಿದ್ದು ಬ್ಯಾರೆ. "ಆಕಿ ವಾಪಸ್ ಬಂದಾಳಂತ ಅಂಗಡ್ಯಾಗ ಆದದ್ದು ಸರಿ ಆಗೂದಿಲ್ಲ. ಬರದನೂ ಇರಬಹುದಿತ್ತು."

ನನಗ ರೇಗಿತು. "ಹಂಗಾದ್ರ ಆಕಿ ಅಪ್ಪ ಇನ್ನೂ ಎಷ್ಟು ದಿವಸ ಕುರುಡಾಗಿ ಇರ್ತಿದ್ದ?" ಅಂದೆ.

"ಹೇಳೂದು ಯಾವಾಗ ಅನ್ನೋದನ್ನ ಆಕಿ ಕೈಯಿಂದ ನೀನು ಕಸಗೊಂಡಿ. ಅಷ್ಟ ನಾ ಹೇಳೂದು," ಅಂದರು ಅದ ಸಣ್ಣ ದನಿಲೆ.

ಹಿಮ ಕರಗೋ ಹೊತ್ತಿಗೆ ಮತ್ತ ಹೊಸ ಕ್ಲೈಂಟ್ ಕೊಡಾಕ ಶುರು ಮಾಡಿದರು. ಅದರ ಮ್ಯಾಲ ತಿಳಕೊಂಡೆ, ನನ್ನ ಇಟ್ಟುಕೊಂಡಾರಂತ.

ಬಸ್ಸು ನಿಲ್ಲೋ ಜಾಗ

ವಸಂತ ಬಂದಾಗ ಅಲ್ಲಿ ಕಾಲುವಿಗೆ ನೀರು ಬಿಡ್ತಾರ. ಡೊರತಿ ಮುಂಜಾನೆದ್ದು ನನ್ನ ಎಬ್ಬಿಸಿ ನೋಡಾಕ ಕರಕೊಂಡು ಹೋದಳು. ತೂಬಿನಾಂವ ಹೇಳಿದ ದಿವಸಾನ ಬಂದಿದ್ದ, ಅದೊಂದು ನಾ ಒಪ್ಪಿಕೊಂಡೆ. ಒಣ ಕಾಲುವ್ಯಾಗ ನೀರಿನ ಮಾರಿ ಕಸ ಕಡ್ಡಿ ದಬ್ಬಿಕೋತ ಬರೂದನ್ನ ಇಬ್ಬರೂ ದಂಡಿ ಮ್ಯಾಲ ನಿಂತು ನೋಡಿದೆವು. ನಮ್ಮ ಕಡೆ ಹುಡುಗರು ಅದರ ಮುಂದ ಓಡ್ತಾರ ಅಂದೆ. ನಾವೂ ಓಡ್ತಿದ್ದೆವು ಅಂದಳು.

ಗಂಗವ್ವನ ಜೋಡಿ ಕೊನೀ ಮಾತುಕತಿ ಆತು. ಆಕಿ ಪೂರಾ ಆರಾಮಾಗಿದ್ದಿಲ್ಲ. ಆ ಕಾಯಿಲೆ ಹಂಗ ಬಿಡೂದಲ್ಲ. ಓದು ಬಿಟ್ಟಿದ್ದಿಲ್ಲ, ಡಾಕ್ಟರ್ ಹತ್ರ ಹೋಗ್ತಿದ್ದಳು, ಮುಂದ ಬ್ಯಾರೆ ಸಮಾಲೋಚಕಿ ಆಕಿನ್ನ ನೋಡ್ತಿದ್ದರು. ಹೋಗೋ ಮುಂದ ಅಪ್ಪಿಕೊಳ್ಳಬೇಕು ಅನ್ನಿಸಿತು, ಅಪ್ಪಿಕೊಳ್ಳಲಿಲ್ಲ. ಬಾಗಲತನಕ ಕಳಿಸಿದೆ. ಆಕಿ ಹೋದ ಮ್ಯಾಲ ಆ ಸುಯ್ಯ ಅನ್ನೋ ಡಬ್ಬಿ ಆರಿಸಿದೆ. ಕಾರಿಡಾರಿನಾಗ ಎಷ್ಟು ಶಾಂತ ಅನ್ನಿಸಿತು.

ವರ್ಷ ಮುಗಿದು ಊರಿಗೆ ಹೊರಡೋ ದಿವಸ ಡೊರತಿ ನನ್ನ ಬಸ್ಸಿಗೆ ಬಿಟ್ಟು, ಅಳು ಬಂದೀತಂತ ಜಲ್ದಿ ಕಾರು ತಿರುಗಿಸಿಕೊಂಡು ಹೋದಳು. ಅಲ್ಲಿ ಬಸ್ ಸ್ಟ್ಯಾಂಡ್ ಅಂದ್ರ ಒಂದು ಪೆಟ್ರೋಲ್ ಪಂಪು, ಅದರ ಮುಂದ ಒಂದು ಬೆಂಚು. ಯಾದಗಿರಿಯಿಂದ ಪಂಪಸೆಟ್ಟಿನ ಸಾಮಾನು ಕಂಡಕ್ಟರ್ ಕೈಯಾಗ ಕೊಟ್ಟು ಶಹಾಪುರಕ್ಕ ಕಳಿಸ್ತಾರಲ್ಲ, ಅಲ್ಲೂ ಹಂಗ, ಟ್ರ್ಯಾಕ್ಟರಿನ ಸಾಮಾನು ಬಸ್ಸಿನಾಗ ಬರ್ತಾವ. ಅದನ್ನ ಇಳಿಸಿಕೊಳ್ಳಾಕ ಬಂದ ರೈತರು ಅಲ್ಲಲ್ಲಿ ನಿಂತಿದ್ದರು. ಅವರೊಳಗ ಬಣ್ಣ ಹೋದ ಟೋಪಿ ಕಂಡಿತು. ಪಕ್ಕದಾಗ ಕೆಂಪು ಕೂದಲು.

ನಾ ಮಾರಿ ತಿರುಗಿಸಿದೆ. ಗ್ವಾಡಿಗೆ ಹಚ್ಚಿದ ಎಣ್ಣಿ ಡಬ್ಬಿ ಜಾಹೀರಾತು ಓದಾಕತ್ತೆ, ಒಂದೊಂದ ಅಕ್ಷರ. ಈ ಸಲ ಬಾಯಿ ಬಿಡಬಾರದು ಅಂತ ಹಲ್ಲು ಕಚ್ಚಿ ಹಿಡಿದೆ. ದೇಶ ಬಿ‌ಟ್ಟು ಹೊಂಟೀನಿ, ಇನ್ನ ಆಕಿನ್ನ ಈ ಜನ್ಮದಾಗ ನೋಡಂಗಿಲ್ಲ ಅನ್ನೋದು ಗೊತ್ತಿತ್ತು. ಮಾತಾಡಿಸದ ಹೋಗೂದು ಅಂದ್ರ ಏನಂತ ನಮ್ಮೂರವರಿಗೆ ಹೇಳಬೇಕಾಗಿಲ್ಲ. ಆದ್ರೂ ತಿರುಗಲಿಲ್ಲ.

ಹಿಂದ ಹೆಜ್ಜಿ ಸಪ್ಪಳಾತು. ಯಾರೋ ಬಂದು ಬೆಂಚಿನ ಮ್ಯಾಲ ಕೂತರು.

"ಊಟಾತಾ?"

ಕನ್ನಡದಾಗ! ಬಾಯಿ ಇನ್ನೂ ತಿರುಗಿದ್ದಿಲ್ಲ, ಆದ್ರೂ ಕನ್ನಡಾನ. ತಿರುಗಿ ನೋಡಿದೆ. ಗಂಗವ್ವ ಎಲ್ಲಾರ ಮುಂದ, ಅಪ್ಪನ ಮುಂದ, ನನ್ನ ಮಾರಿ ನೋಡಿಕೋತ ಕೂತಿದ್ದಳು. ಮೊದಲು ಮಾತಾಡಿಸೂದು ಆಕಿ ಹಕ್ಕು. ಆಕಿ ಮಾತಾಡಿಸಿದ್ದಳು.

ನಾಲಗಿ ತುದಿಗೆ "ಆತು" ಬಂದು ನಿಂತಿತ್ತು. ಹುಟ್ಟಿದಾಗಿಂದ ಅದನ್ನ ಹೇಳಿಕೋತ ಬಂದೀನಿ. ಅವತ್ತು ಮುಂಜಾನಿಂದ ನನ್ನ ಹೊಟ್ಟ್ಯಾಗ ಒಂದು ಚಾ ಬಿಟ್ರ ಏನೂ ಇದ್ದಿಲ್ಲ, ಯಾದಗಿರಿ ಸ್ಟೇಷನ್ನಿನಾಗ ಇದ್ದಂಗ.

"ಇಲ್ಲ," ಅಂದೆ.

ಇಷ್ಟು ದೊಡ್ಡಾಕಿ ಆಗೀನಿ, ಆ ಪ್ರಶ್ನಿಗೆ ಇಲ್ಲ ಅಂದದ್ದು ಅದ ಮೊದಲು. ಆಕಿ ತನ್ನ ಚೀಲ ತೆಗೆದಳು. ಕಾಗದದಾಗ ಸುತ್ತಿದ ಬ್ರೆಡ್ಡು ಇತ್ತು, ಅಪ್ಪ ಕಟ್ಟಿಕೊಟ್ಟಿದ್ದನಂತ. ಅದನ್ನ ಮುರಿದು ಅರ್ಧ ನನ್ನ ಕೈಯಾಗ ಇಟ್ಟಳು. ಅಪ್ಪ ದೂರ ನಿಂತು ಬಸ್ಸು ಬರೋ ದಾರಿ ಕಡೆ ನೋಡಿದಂಗ ಮಾಡಾಕತ್ತಿದ್ದ.

ನಾ ಒಂದು ತುತ್ತು ಕಡಿದೆ. ಆಕಿ ತನ್ನ ಅರ್ಧ ಭಾಳ ಹೊತ್ತು ಕೈಯಾಗ ಹಿಡಕೊಂಡು ಕೂತಳು. ದೂರದಾಗ ಬಸ್ಸಿನ ಸಪ್ಪಳ ಕೇಳಿತು. ಗಂಗವ್ವ ಕಣ್ಣು ಮುಚ್ಚಿ ಒಂದು ತುತ್ತು ಕಡಿದಳು, ಅಗಿದಳು, ನುಂಗಿದಳು.